ಅಂಗಡಿಯವರನ್ನ ಕೇಳ್ರಿ: ನಿಮಗೆ ಹಿಡಿಸಿದ ಕಾದಂಬರಿ ಯಾವುದು?

1/8

ಜೀನ್ಸ್ ಪ್ಯಾಂಟ್ ತಗೊಳ್ಳೋಕೆ ಹೋದ್ರೆ ನಾವು ಬಳ್ಳಾರಿಯವರು ಅಂಗಡಿಯವರ ತಲೆ ತಿಂತೀವಿ. ಬಣ್ಣ ಬಿಡುತ್ತಾ, ಒಗೆದ್ರೆ ಕುಗ್ಗುತ್ತಾ, ನೀವಾದ್ರೆ ಯಾವುದು ತಗೊಳ್ತಿದ್ರಿ... ಮಿರ್ಚಿ ಬಂಡಿ ಮುಂದೆ ನಿಂತ್ರೂ ಅಷ್ಟೇ. "ಈಗ ತೆಗೆದಿದ್ದು ಯಾವುದಣ್ಣ?" ಅಂತ ಕೇಳದೆ ಪ್ಲೇಟ್ ಹಿಡಿಯಲ್ಲ.

ಪುಸ್ತಕದಂಗಡಿಗೆ ಹೋದಾಗ ಮಾತ್ರ ಬಾಯಿಗೆ ಬೀಗ. ಮೊಬೈಲ್‌ನಲ್ಲಿ ಸ್ಕ್ರೀನ್‌ಶಾಟ್ ತೋರಿಸಿ "ಇದು ಐತಾ?" ಅಂತೀವಿ. ಇದ್ರೆ ದುಡ್ಡು ಕೊಟ್ಟು ಬರ್ತೀವಿ. ಇಲ್ಲ ಅಂದ್ರೆ ಹೊರಗೆ ಬಂದು ಆನ್‌ಲೈನ್ ಆರ್ಡರ್ ಹಾಕ್ತೀವಿ. ಕೌಂಟರ್ ಆಚೆ ನಿಂತಿರೋ ಅಣ್ಣ ಏನು ಓದಿದ್ದಾರೆ, ಆ ಅಕ್ಕಂಗೆ ಯಾವ ಕಾದಂಬರಿ ಹಿಡಿಸ್ತು ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೀವಿ?

ಈ ಸರಣಿಯಲ್ಲಿ ನಾನು ಹೇಳೋದು ಇಷ್ಟೇ. ಪುಸ್ತಕದಂಗಡಿಯಲ್ಲಿ ಕೆಲಸ ಮಾಡೋರು ತಮಗೆ ಇಷ್ಟವಾದ ಕಾದಂಬರಿ ಯಾವುದು ಅಂತ ಬಾಯಿಬಿಟ್ಟು ಹೇಳಬೇಕು. ನಾವು ಕೇಳಬೇಕು. ಅಂಗಡಿ ಮಾಲೀಕರು ಅದಕ್ಕೆ ಜಾಗ ಮಾಡಿಕೊಡಬೇಕು. ಹೀಗೆ ಆಗದಿದ್ರೆ ನಮ್ಮೂರಲ್ಲಿ ಕಾದಂಬರಿಗೆ ಉಳಿದಿರೋ ಒಂದೋ ಎರಡೋ ರ‍್ಯಾಕ್ ಕೂಡ ಹೋಗುತ್ತೆ. ನಾನು ಹೋಗ್ತಿದ್ದ ಒಂದು ಅಂಗಡಿಯಲ್ಲಿ ಆಗಲೇ ಹೋಗಿದೆ. ಕಾದಂಬರಿ ಇದ್ದ ಜಾಗದಲ್ಲಿ ಈಗ ಜೆರಾಕ್ಸ್ ಮಷೀನ್ ಕೂತಿದೆ.

ಎಂಟು ಭಾಗ ಇದೆ. ಸಿರುಗುಪ್ಪ ಬಸ್ಸಲ್ಲಿ ಕೂತವರಿಗೆ ಬಳ್ಳಾರಿ ಬರೋದ್ರೊಳಗೆ ಮುಗಿಯುತ್ತೆ. 👇

2/8

ಮೊದಲು, ಇದು ಯಾಕೆ ಮುಖ್ಯ ಅಂತ.

ಕುರುಗೋಡಿನಿಂದ ದಿನಾ ಕಾಲೇಜಿಗೆ ಬರೋ ಗೆಳತಿಯೊಬ್ಬಳು ಒಂದು ರೀಲ್ ನೋಡಿ ಭೈರಪ್ಪನವರ 'ಪರ್ವ' ತರಿಸಿದ್ಲು. ಅವಳ ಜೀವನದ ಮೊದಲ ಕಾದಂಬರಿ ಅದು. ರೀಲ್‌ನಲ್ಲಿ ಹಿನ್ನೆಲೆ ಸಂಗೀತ, ನಿಧಾನಕ್ಕೆ ತಿರುಗೋ ಪುಟಗಳು, "ಸಾಯೋದ್ರೊಳಗೆ ಓದಲೇಬೇಕು" ಅನ್ನೋ ಸಾಲು. ಪುಸ್ತಕ ಬಂತು. ನಲವತ್ತು ಪುಟ ದಾಟಲಿಲ್ಲ. ಈಗ ಕೇಳಿದ್ರೆ "ನಂಗೆ ಕಾದಂಬರಿ ಆಗಿಬರಲ್ಲ ಕಣೆ" ಅಂತಾಳೆ. ಪುಸ್ತಕ ಅವರ ಮನೇಲಿ ಟಿವಿ ಪಕ್ಕ ಇದೆ.

'ಪರ್ವ'ದ ತಪ್ಪು ಏನೂ ಇಲ್ಲ. 1979ರಲ್ಲಿ ಬಂದ ಪುಸ್ತಕ, ಇವತ್ತಿಗೂ ಜನ ಹುಡುಕಿಕೊಂಡು ಓದ್ತಾರೆ. ಮಹಾಭಾರತವನ್ನ ಪವಾಡ ಇಲ್ಲದೆ, ಮನುಷ್ಯರ ಕಥೆಯಾಗಿ ಹೇಳುತ್ತೆ. ಒಂದೊಂದು ಪಾತ್ರದ ಮನಸ್ಸಿನೊಳಗೆ ಪುಟಗಟ್ಟಲೆ ಕೂರಿಸುತ್ತೆ. ನಾಲ್ಕಾರು ಕಾದಂಬರಿ ಓದಿ ಕೂತು ಅಭ್ಯಾಸ ಆದವರಿಗೆ ಅದೊಂದು ಹಬ್ಬ. ಮೊದಲ ಸಲ ಓದೋರಿಗೆ ಏರು ಬೆಟ್ಟ.

ಪುಸ್ತಕ ಓದೋ ಅಂಗಡಿಯವರು ಯಾರಾದ್ರೂ ಇದ್ದಿದ್ರೆ ಒಂದು ಪ್ರಶ್ನೆ ಕೇಳ್ತಿದ್ರು: "ಇದಕ್ಕಿಂತ ಮೊದ್ಲು ಏನು ಓದಿಯಮ್ಮ?" ಏನೂ ಇಲ್ಲ ಅಂದಿದ್ರೆ ಆ ಕೈಯಿಂದ 'ಪರ್ವ' ತಗೊಂಡು ಇನ್ನೊಂದು ಇಡ್ತಿದ್ರು. "ಇದು ಆಮೇಲೆ ಓದುವಂತೆ, ಫಸ್ಟ್ ಇದನ್ನ ತಗೋ" ಅಂತಿದ್ರು.

ರೀಲ್ ಈ ಪ್ರಶ್ನೆ ಕೇಳಲ್ಲ. ಅದಕ್ಕೆ ನೀವು ಯಾರು ಅಂತ ಬೇಕಾಗಿಲ್ಲ, ನೋಡಿದ್ರೆ ಸಾಕು. ಒಬ್ಬಳು ಓದುಗಳು ಶುರುವಾಗೋಕೆ ಮುಂಚೆನೇ ನಿಂತುಹೋದ್ಲು ಅನ್ನೋದು ಯಾವ ವ್ಯೂ ಕೌಂಟ್‌ನಲ್ಲೂ ಕಾಣಲ್ಲ.

3/8

"ಅಂಗಡಿಯವರು ಸಲಹೆ ಕೊಡೋದೆಲ್ಲ ಫಾರಿನ್ ಪದ್ಧತಿ" ಅನ್ನೋರಿಗೆ ಸ್ವಲ್ಪ ಹಳೇ ಕಥೆ.

ಗಳಗನಾಥರು ಗೊತ್ತಲ್ವಾ? ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, 1869ರಿಂದ 1942. ಕನ್ನಡದಲ್ಲಿ ಕಾದಂಬರಿ ಓದೋ ಜನರೇ ಕಮ್ಮಿ ಇದ್ದ ಕಾಲದಲ್ಲಿ ಕಾದಂಬರಿ ಬರೆದು, ತಾವೇ ಗಂಟು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಮನೆ ಮುಂದೆ ನಿಂತು "ಇದರಲ್ಲಿ ಏನೈತಿ?" ಅಂತ ಕೇಳಿದವರಿಗೆ ಉತ್ತರ ಹೇಳದೆ ಮಾರೋಕೆ ಆಗುತ್ತಾ?

ಧಾರವಾಡದ ಮನೋಹರ ಗ್ರಂಥಮಾಲೆ ನೋಡ್ರಿ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ್ದು. ಚಂದಾ ಕಟ್ಟಿದವರಿಗೆ ಪುಸ್ತಕ ಮನೆಗೆ ಬರೋದು. ಯಾವ ಪುಸ್ತಕ ಅಂತ ಆರಿಸ್ತಿದ್ದವರು ಜೋಶಿಯವರು, ಮುಂದೆ ಜೊತೆಗೆ ಕೀರ್ತಿನಾಥ ಕುರ್ತಕೋಟಿಯವರು. ಓದುಗರು ದುಡ್ಡು ಕೊಡ್ತಿದ್ದಿದ್ದು ಅವರ ಆಯ್ಕೆಯ ಮೇಲಿನ ನಂಬಿಕೆಗೆ. 1965ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ' ಬಂದಿದ್ದು ಇದೇ ಗ್ರಂಥಮಾಲೆಯಿಂದ. ಆಗ ಅನಂತಮೂರ್ತಿಯವರಿಗೆ ಮೂವತ್ತು ದಾಟಿ ಎರಡು ಮೂರು ವರ್ಷ. ಅದು ಅವರ ಮೊದಲ ಕಾದಂಬರಿ.

ಬೆಂಗಳೂರಿನಲ್ಲಿ ಟಿ.ಎಸ್. ಶಾನಭಾಗ್ ಅವರ ಪ್ರೀಮಿಯರ್ ಬುಕ್‌ಶಾಪ್ ಇತ್ತು, 1971ರಿಂದ 2009ರ ತನಕ. ಚಿಕ್ಕ ಜಾಗ, ನೆಲದಿಂದ ಮೇಲಿನ ತನಕ ಪುಸ್ತಕದ ರಾಶಿ. ಯಾವ ರಾಶಿಯಲ್ಲಿ ಯಾವ ಪುಸ್ತಕ ಇದೆ, ಯಾವ ಗಿರಾಕಿಗೆ ಯಾವುದು ಬೇಕಾಗುತ್ತೆ ಅನ್ನೋದು ಅವರ ತಲೆಯಲ್ಲಿ ಇರ್ತಿತ್ತು. 2021ರಲ್ಲಿ ಅವರು ತೀರಿಕೊಂಡಾಗ ದೊಡ್ಡ ದೊಡ್ಡ ಲೇಖಕರು ನೆನಪು ಮಾಡಿಕೊಂಡ್ರು. ಒಬ್ಬ ಅಂಗಡಿಯವರಿಗೆ ಸಿಕ್ಕ ಮರ್ಯಾದೆ ಅದು.

ಮೂರೂ ಬೇರೆ ಬೇರೆ ಕಾಲ, ಬೇರೆ ಬೇರೆ ರೀತಿ. ಮೂರರಲ್ಲೂ ಪುಸ್ತಕ ಕೊಡೋರು ಆ ಪುಸ್ತಕದ ಜವಾಬ್ದಾರಿ ಹೊತ್ತುಕೊಂಡಿದ್ರು.

4/8

ಈಗ ನಮ್ಮ ಸೀಮೆಗೆ ಬರೋಣ.

ಬೀಚಿ. ಪೂರ್ತಿ ಹೆಸರು ರಾಯಸಂ ಭೀಮಸೇನರಾವ್. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರು, ಆಗ ಅದು ಬಳ್ಳಾರಿ ಜಿಲ್ಲೆ. ಕೆಲಸ ಪೊಲೀಸ್ ಇಲಾಖೆಯಲ್ಲಿ. ಮೊದಮೊದಲು ಕನ್ನಡ ಪುಸ್ತಕ ಅಂದ್ರೆ ಅವರಿಗೆ ಅಷ್ಟಕ್ಕಷ್ಟೇ. ಆಮೇಲೆ ಅನಕೃ ಅವರ 'ಸಂಧ್ಯಾರಾಗ' ಓದಿದ್ರು. ಆ ಒಂದು ಕಾದಂಬರಿ ಅವರನ್ನ ಕನ್ನಡದ ಕಡೆ ತಿರುಗಿಸ್ತು. ತಿಂಮನ ಜೋಕು ಇವತ್ತಿಗೂ ನಮ್ಮ ಅಜ್ಜಂದಿರು ಹೇಳ್ತಾರಲ್ಲ, ಆ ತಿಂಮ ಹುಟ್ಟಿದ್ದು ಆಮೇಲೆ.

ಸರಿಯಾದ ಹೊತ್ತಿಗೆ ಸರಿಯಾದ ಒಂದೇ ಒಂದು ಕಾದಂಬರಿ ಕೈಗೆ ಬಂದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮವರೇ ಸಾಕ್ಷಿ ಇದ್ದಾರೆ. ಅದಕ್ಕೇ ಮೊದಲ ಪುಸ್ತಕದ ಆಯ್ಕೆಯನ್ನ ಪೂರ್ತಿ ಆ್ಯಪಿಗೆ ಬಿಡೋದು ನನಗೆ ಸರಿ ಅನ್ಸಲ್ಲ.

ಬಳ್ಳಾರಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 1926ರಲ್ಲಿ ನಡೀತು, ಫ.ಗು. ಹಳಕಟ್ಟಿ ಅಧ್ಯಕ್ಷರು. 1938ರಲ್ಲಿ ನಡೀತು, ರಂಗನಾಥ ದಿವಾಕರರು. 1958ರಲ್ಲಿ ನಡೀತು, ವಿ.ಕೃ. ಗೋಕಾಕರು. ಈ ಊರು ಕನ್ನಡ ಪುಸ್ತಕಕ್ಕೆ ಹೊಸದೇನಲ್ಲ. ಸಮ್ಮೇಳನದ ಪುಸ್ತಕ ಮಳಿಗೆ ಮೂರು ದಿನ ಇರುತ್ತೆ, ಜನ ಚೀಲ ತುಂಬ ತಗೊಂಡು ಹೋಗ್ತಾರೆ. ವರ್ಷದ ಉಳಿದ ದಿನ ಬಾಗಿಲು ತೆರೆದಿರೋದು ಅಂಗಡಿ. ಅಲ್ಲಿ ನಿಂತಿರೋರ ಬಗ್ಗೆ ಯಾವ ಗೋಷ್ಠಿಯಲ್ಲಿ ಮಾತಾಡ್ತೀವಿ?

ಇನ್ನೊಂದು ವಿಷಯ. ನಮ್ಮ ಕ್ಲಾಸಲ್ಲೇ ನೋಡ್ರಿ: ಮನೇಲಿ ತೆಲುಗು ಮಾತಾಡೋರು ಇದ್ದಾರೆ, ಉರ್ದು ಮಾತಾಡೋರು ಇದ್ದಾರೆ, ಇಂಗ್ಲಿಷ್ ಮೀಡಿಯಂ ಓದಿ ಕನ್ನಡ ತಡವರಿಸಿ ಓದೋರು ಇದ್ದಾರೆ. ಎಲ್ಲರಿಗೂ ಒಂದೇ "ಟಾಪ್ ಟೆನ್ ಕನ್ನಡ ಕಾದಂಬರಿ" ಪಟ್ಟಿ ಕೊಟ್ರೆ ಹೆಂಗೆ? ನಿಮ್ಮ ಜೊತೆ ಎರಡು ಮಾತಾಡಿದ ಅಂಗಡಿಯ ಅಕ್ಕಂಗೆ ನಿಮಗೆ ಯಾವ ಕನ್ನಡ ಸರಾಗ ಅಂತ ಗೊತ್ತಾಗುತ್ತೆ.

5/8

ಈಗ ದುಡ್ಡಿನ ಮಾತು. ಬಿಕಾಂ ಓದ್ತಾ ಇದನ್ನ ಬಿಟ್ರೆ ಹೆಂಗೆ.

ಮಾಲೀಕರು ಹೇಳೋದು ಒಂದೇ: "ಕಾದಂಬರಿ ಓಡಲ್ಲಮ್ಮ. ಗೈಡು ಓಡುತ್ತೆ, ಕೆಎಎಸ್ ಪುಸ್ತಕ ಓಡುತ್ತೆ, ನೋಟ್‌ಬುಕ್ ಓಡುತ್ತೆ." ಸುಳ್ಳಲ್ಲ. ಗೈಡಿಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ, ಪರೀಕ್ಷೆನೇ ಗಿರಾಕಿನ ಕಳಿಸುತ್ತೆ. ಕಾದಂಬರಿಗೆ ಹಾಗೆ ಕಳಿಸೋರು ಯಾರೂ ಇಲ್ಲ.

ಒಂದು ಲೆಕ್ಕ ಹಾಕೋಣ. ಉದಾಹರಣೆಗೆ ಮಾತ್ರ. 300 ರೂಪಾಯಿ ಬೆಲೆಯ ಕಾದಂಬರಿ, ಅಂಗಡಿಗೆ 30% ಕಮಿಷನ್ ಅಂತ ಇಟ್ಕೊಳ್ಳಿ. ಒಂದು ಪ್ರತಿ 210 ರೂಪಾಯಿಗೆ ಬೀಳುತ್ತೆ. ಹತ್ತು ಪ್ರತಿ ತರಿಸಿದ್ರೆ 2,100 ರೂಪಾಯಿ ಬಂಡವಾಳ ಕೂತಂಗೆ.

ಏಳು ಪ್ರತಿ ಮಾರಿದ್ರೆ ಕೈಗೆ 2,100 ಬಂತು. ಹಾಕಿದ ದುಡ್ಡು ವಾಪಸ್, ಅಷ್ಟೇ. ಬಾಡಿಗೆ, ಕರೆಂಟು, ಸಂಬಳ ಎಲ್ಲ ಹುಟ್ಟಬೇಕಾಗಿರೋದು ಉಳಿದ ಮೂರು ಪ್ರತಿಯಿಂದ. ಗಿರಾಕಿ ಚೌಕಾಸಿ ಮಾಡಿ 10% ಡಿಸ್ಕೌಂಟ್ ತಗೊಂಡ್ರೆ ಏಳಕ್ಕೆ ಅಸಲೂ ಬರಲ್ಲ, ಎಂಟನೇದು ಮಾರಬೇಕು.

ಹೆಸರು ಕೇಳಿಕೊಂಡು ಬರೋರು ಮೊದಲ ಏಳು ಪ್ರತಿ ತಗೊಂಡು ಹೋಗಬಹುದು. ಕೊನೆಯ ಮೂರು ರ‍್ಯಾಕಲ್ಲಿ ಧೂಳು ಹಿಡಿಯುತ್ತೆ. ಅದನ್ನೇ ನಾವು ಡೆಡ್ ಸ್ಟಾಕ್ ಅಂತ ಪರೀಕ್ಷೆಯಲ್ಲಿ ಬರೀತೀವಿ. ಆ ಮೂರನ್ನ ಮಾರೋ ಶಕ್ತಿ ಇರೋದು ಕೌಂಟರಿನವರ ಒಂದು ಮಾತಿಗೆ: "ಇದನ್ನ ನಾನು ಓದೀನಿ, ಚೆನ್ನಾಗೈತಿ." ಅಂಗಡಿಯ ಲಾಭ ನಿಂತಿರೋದು ಆ ಮಾತಿನ ಮೇಲೆ. ಆದ್ರೂ ಎಷ್ಟು ಕಡೆ ಕೆಲಸದವರು ಕೂತು ಪುಸ್ತಕ ತೆರೆದ್ರೆ "ಏನ್ ಕೆಲಸ ಇಲ್ವಾ?" ಅನ್ನೋ ಬೈಗುಳ ಬರುತ್ತೆ!

ಮಾಲೀಕರಿಗೆ ನನ್ನ ವಿನಂತಿ: ಪ್ರತಿ ಕಾದಂಬರಿಯ ಒಂದು ಪ್ರತಿ ಕೆಲಸದವರು ಮನೆಗೆ ಒಯ್ದು ಓದಿ ತರಲಿ ಅಂತ ಬಿಡಿ. ಮಡಚದೆ, ಕಲೆ ಮಾಡದೆ ತಂದ್ರೆ ಅದನ್ನೂ ಮಾರಬಹುದು. ಒಂದು ಪೈಸೆ ಜಾಹೀರಾತಿಲ್ಲದೆ ಆಗೋ ಮಾರ್ಕೆಟಿಂಗ್ ಇದು.

6/8

ಕ್ಲಾಸಲ್ಲಿ ಈ ಮಾತು ತೆಗೆದಾಗ ಮೂರು ಆಕ್ಷೇಪ ಬಂತು.

ಒಂದು: "ಅವರು ಕಮಿಷನ್ ಜಾಸ್ತಿ ಇರೋದನ್ನೇ ಹೇಳ್ತಾರೆ." ಹೇಳಬಹುದು. ಪರೀಕ್ಷೆ ಮಾಡೋ ದಾರಿ ಸುಲಭ. "ನಿಮಗೆ ಹಿಡಿಸದ ಕಾದಂಬರಿ ಯಾವುದು?" ಅಂತ ಕೇಳ್ರಿ. ಓದಿದವರು ತಕ್ಷಣ ಒಂದು ಹೆಸರು ಹೇಳ್ತಾರೆ, ಕಾರಣನೂ ಹೇಳ್ತಾರೆ. ಎಲ್ಲ ಚೆನ್ನಾಗೈತೆ ಅಂದ್ರೆ ನಮಸ್ಕಾರ ಹೇಳಿ ಬರ್ರಿ. ಇನ್ನೂ ಒಂದು ವ್ಯತ್ಯಾಸ ಇದೆ: ರೀಲ್ ಮಾಡಿದವರನ್ನ ಹಿಡಿದು ಬೈಯೋಕೆ ಆಗಲ್ಲ. ಅಂಗಡಿಯವರು ಮುಂದಿನ ವಾರವೂ ಅಲ್ಲೇ ಇರ್ತಾರೆ. "ಏನಣ್ಣ, ಹಿಂಗ್ ಮಾಡಿದ್ರಿ" ಅಂತ ಕೇಳಬಹುದು. ಆ ಭಯ ಇರೋದ್ರಿಂದ ಅವರು ನೋಡಿಕೊಂಡು ಹೇಳ್ತಾರೆ.

ಎರಡು: "ಅವರಿಗೇನು ಸಾಹಿತ್ಯ ಗೊತ್ತಿರುತ್ತೆ?" ಈ ಮಾತು ನನಗೆ ಸಿಟ್ಟು ತರಿಸುತ್ತೆ. ಜಪಾನಿನಲ್ಲಿ 2004ರಿಂದ 'ಹೊನ್ಯಾ ತೈಶೋ' ಅಂತ ಒಂದು ಪ್ರಶಸ್ತಿ ಇದೆ. ಅದಕ್ಕೆ ಓಟು ಹಾಕೋರು ಸಾಹಿತಿಗಳಲ್ಲ, ಪ್ರೊಫೆಸರ್‌ಗಳಲ್ಲ, ಪುಸ್ತಕದಂಗಡಿ ಕೆಲಸದವರು. ಮೊದಲ ಸುತ್ತಿನಲ್ಲಿ ತಲಾ ಮೂರು ಪುಸ್ತಕ ಆರಿಸ್ತಾರೆ. ಮುಂದೆ ಬಂದ ಹತ್ತನ್ನೂ ಓದಿ ಎರಡನೇ ಸುತ್ತಿನ ಓಟು ಹಾಕ್ತಾರೆ. ಮೊದಲ ವರ್ಷ ಗೆದ್ದಿದ್ದು ಯೋಕೊ ಒಗಾವಾ ಅವರ ಕಾದಂಬರಿ. ಎಂಬತ್ತು ನಿಮಿಷಕ್ಕಿಂತ ಹೆಚ್ಚು ನೆನಪು ಉಳಿಯದ ಒಬ್ಬ ಗಣಿತದ ಪ್ರೊಫೆಸರ್, ಅವರ ಮನೆಗೆಲಸದಾಕೆ ಮತ್ತು ಆಕೆಯ ಮಗನ ಕಥೆ. ಆಮೇಲೆ ಅದು ಸಿನಿಮಾ ಆಯ್ತು, ಬೇರೆ ದೇಶದವರೂ ಓದಿದ್ರು. ದಿನಕ್ಕೆ ಎಂಟು ಒಂಬತ್ತು ತಾಸು ಪುಸ್ತಕದ ನಡುವೆ ನಿಲ್ಲೋರಿಗೆ ಅಭಿಪ್ರಾಯ ಇರಲ್ಲ ಅನ್ನೋದು ನಮ್ಮ ಅಹಂಕಾರ.

ಮೂರು: "ನಮ್ಮೂರಲ್ಲಿ ಕೆಲಸದವರು ಓದೋದೇ ಇಲ್ಲ." ಇದು ನಿಜ ಇರಬಹುದು, ಎಲ್ಲ ಕಡೆ ಅಲ್ಲ. ಯಾರೂ ಕೇಳದ ಪ್ರಶ್ನೆಗೆ ಉತ್ತರ ತಯಾರು ಮಾಡಿಕೊಂಡು ಯಾಕೆ ಕೂರಬೇಕು? ವಾರಕ್ಕೆ ಹತ್ತು ಜನ "ನೀವು ಏನು ಓದಿದ್ರಿ?" ಅಂತ ಕೇಳಿದ್ರೆ ಹನ್ನೊಂದನೇ ಗಿರಾಕಿ ಬರೋ ಹೊತ್ತಿಗೆ ಅವರು ಒಂದಾದ್ರೂ ಓದಿರ್ತಾರೆ.

7/8

ಅಂಗಡಿಯಲ್ಲಿ ಇದನ್ನ ಶುರು ಮಾಡೋಕೆ ದೊಡ್ಡ ಖರ್ಚೇನಿಲ್ಲ. ಒಂದು ಶೆಲ್ಫು, ಐದು ಕಾದಂಬರಿ, ಪ್ರತಿಯೊಂದರ ಕೆಳಗೆ ಕೈಬರಹದ ಒಂದು ಕಾರ್ಡು. ಕಾರ್ಡಲ್ಲಿ ಮೂರು ವಿಷಯ ಇರಲಿ: ಏನು ಕಥೆ, ಯಾರಿಗೆ ಸರಿಹೋಗುತ್ತೆ, ಎಲ್ಲಿ ಕಷ್ಟ ಆಗಬಹುದು. ಮೂರನೇದು ತುಂಬ ಮುಖ್ಯ. ಅದಿದ್ರೆ ಮೊದಲೆರಡನ್ನ ಜನ ನಂಬ್ತಾರೆ.

ಹೆಂಗಿರುತ್ತೆ ಅಂತ ತೋರಿಸೋಕೆ ಐದು ಕಾರ್ಡು ನಾನೇ ಬರೆದೆ.

📌 ಘಾಚರ್ ಘೋಚರ್, ವಿವೇಕ ಶಾನಭಾಗ. ಅಪ್ಪ ಚಹಾ ಕಂಪನಿ ಸೇಲ್ಸ್‌ಮನ್, ಚಿಕ್ಕಪ್ಪ ಮಸಾಲೆ ವ್ಯಾಪಾರ ಶುರು ಮಾಡ್ತಾನೆ, ಮನೆಗೆ ದುಡ್ಡು ಬರುತ್ತೆ, ಮನೆಯವರು ಬದಲಾಗ್ತಾರೆ. ಕಾಮರ್ಸ್‌ನವರು ಮೊದಲು ಇದನ್ನೇ ಓದಿ. ತೆಳ್ಳಗಿದೆ. ಕೊನೆಯಲ್ಲಿ ಎಲ್ಲ ಬಿಡಿಸಿ ಹೇಳಲ್ಲ, ಅದಕ್ಕೆ ತಯಾರಿರಿ.

📌 ಕರ್ವಾಲೊ, ಪೂರ್ಣಚಂದ್ರ ತೇಜಸ್ವಿ, 1980. ಮಲೆನಾಡು, ಜೇನಿನ ಹುಚ್ಚಿನ ಮಂದಣ್ಣ, ಒಬ್ಬ ವಿಜ್ಞಾನಿ, ಹಾರುವ ಓತಿಯ ಹುಡುಕಾಟ. ನಗ್ತಾ ನಗ್ತಾ ಓದಿಸಿಕೊಂಡು ಹೋಗುತ್ತೆ. "ನಂಗೆ ಕಾದಂಬರಿ ಆಗಿಬರಲ್ಲ" ಅನ್ನೋರಿಗೆ. ಕಾಡಿನ ಕೆಲವು ಹೆಸರು ನಮ್ಮ ಬಯಲುಸೀಮೆಯವರಿಗೆ ಹೊಸದು.

📌 ಚಂದ್ರಗಿರಿಯ ತೀರದಲ್ಲಿ, ಸಾರಾ ಅಬೂಬಕ್ಕರ್. ಕಾಸರಗೋಡು ಕಡೆಯ ಹಳ್ಳಿ, ನಾದಿರಾ ಅನ್ನೋ ಹುಡುಗಿ. ಅವಳ ಬಾಳಿನ ತೀರ್ಮಾನವನ್ನ ಅಪ್ಪ, ಗಂಡ, ಊರು ಎಲ್ಲ ಮಾಡ್ತಾರೆ, ಅವಳೊಬ್ಬಳನ್ನ ಬಿಟ್ಟು. ಒಂದೇ ದಿನಕ್ಕೆ ಮುಗಿಯುತ್ತೆ, ಸಂಕಟ ಮಾತ್ರ ಬೇಗ ಮುಗಿಯಲ್ಲ. ಪರೀಕ್ಷೆ ಹಿಂದಿನ ದಿನ ಬೇಡ.

📌 ತೇಜೋ ತುಂಗಭದ್ರಾ, ವಸುಧೇಂದ್ರ, 2019. ಲೇಖಕರು ನಮ್ಮ ಸಂಡೂರಿನವರು. ಲಿಸ್ಬನ್‌ನ ತೇಜೋ ನದಿ ಒಂದು ಕಡೆ, ವಿಜಯನಗರ ಕಾಲದ ತುಂಗಭದ್ರೆ ಇನ್ನೊಂದು ಕಡೆ. ಸಿರುಗುಪ್ಪದ ಗದ್ದೆಗೆ ಬರೋ ನೀರು ಇದೇ ನದೀದು ಅಂತ ನೆನಪಿಟ್ಟುಕೊಂಡು ಓದಿ. ದಪ್ಪ ಪುಸ್ತಕ. ಎರಡನೇದೋ ಮೂರನೇದೋ ಆಗಿ ತಗೊಳ್ಳಿ.

📌 ಅರಮನೆ, ಕುಂ. ವೀರಭದ್ರಪ್ಪ. ಕೊಟ್ಟೂರಿನವರು, ಈ ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ನಮ್ಮ ಸೀಮೆಯ ಮಾತು, ಪಾಳೇಗಾರರು, ಕಂಪನಿ ಸರ್ಕಾರದ ಕಾಲ. ಮೊದಲ ಪುಟಗಳಲ್ಲಿ ಸಾಲು ಎಲ್ಲಿ ನಿಲ್ಲುತ್ತೆ ಅಂತ ಗೊತ್ತಾಗಲ್ಲ. ಮನೇಲಿ ಅಜ್ಜಿ ಇದ್ರೆ ಜೋರಾಗಿ ಓದಿ ಕೇಳಿಸಿ, ದಾರಿ ಸಿಗುತ್ತೆ.

ನನ್ನ ಕಾರ್ಡು ನೀವು ಒಪ್ಪಬೇಕು ಅಂತ ಏನಿಲ್ಲ. ಇಂಥ ಕಾರ್ಡು ನಮ್ಮ ಅಂಗಡಿಗಳಲ್ಲಿ, ಅಲ್ಲಿ ದುಡಿಯೋರ ಕೈಬರಹದಲ್ಲಿ ಕಾಣಬೇಕು ಅನ್ನೋದು ನನ್ನ ಆಸೆ.

8/8

"ಬಳ್ಳಾರಿಯಲ್ಲಾದ್ರೂ ಅಂಗಡಿ ಐತೆ. ನಮ್ಮ ಕಡೆ?" ಅಂತ ಸಿರುಗುಪ್ಪ, ಕುರುಗೋಡಿನವರು ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ನಾನು ನೋಡಿದ ಮಟ್ಟಿಗೆ ಅಲ್ಲಿ ಬುಕ್ ಸ್ಟಾಲ್ ಅಂದ್ರೆ ನೋಟ್‌ಬುಕ್ಕು, ಗೈಡು, ಪೆನ್ನು, ಶಾಲೆ ಬ್ಯಾಗು. ಕಾದಂಬರಿ ಬೇಕಂದ್ರೆ ಬಳ್ಳಾರಿ ಬಸ್ ಹತ್ತಬೇಕು.

ಅಲ್ಲಿಯವರಿಗೆ ಎರಡು ದಾರಿ ಹೇಳ್ತೀನಿ.

ಮೊದಲನೇದು, ನಿಮ್ಮೂರ ಬುಕ್ ಸ್ಟಾಲ್ ಮಾಲೀಕರ ಹತ್ರ ನಾಲ್ಕು ಜನ ಸೇರಿ ಹೋಗ್ರಿ. "ಐದು ಕಾದಂಬರಿ ತರಿಸ್ರಿ, ನಾವು ನಾಲ್ಕು ಜನ ಒಂದೊಂದು ತಗೊಳ್ತೀವಿ" ಅಂತ ಮಾತು ಕೊಡ್ರಿ. ಅವರಿಗೆ ಉಳಿಯೋ ರಿಸ್ಕು ಒಂದೇ ಪ್ರತಿ. ಆ ಒಂದನ್ನ ಅವರೇ ಓದಲಿ. ಮುಂದಿನ ಗಿರಾಕಿಗೆ ಹೇಳೋಕೆ ಅವರ ಹತ್ರ ಒಂದು ಕಥೆ ಇರುತ್ತೆ.

ಎರಡನೇದು, ಗ್ರಂಥಾಲಯ. ತಾಲ್ಲೂಕಿನಲ್ಲಿ ಸಾರ್ವಜನಿಕ ಗ್ರಂಥಾಲಯ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ. ಅಲ್ಲಿ ಕೂತಿರೋ ಮೇಲ್ವಿಚಾರಕರನ್ನೂ ಇದೇ ಪ್ರಶ್ನೆ ಕೇಳ್ರಿ. "ಸರ್, ಇಲ್ಲಿರೋದ್ರಲ್ಲಿ ನಿಮಗೆ ತುಂಬ ಇಷ್ಟ ಆಗಿದ್ದು ಯಾವುದು?" ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗೋದು ಪೇಪರ್ ಓದೋಕೆ, ಇಲ್ಲ ಅಂದ್ರೆ ಪರೀಕ್ಷೆಗೆ ತಯಾರಿ ಮಾಡೋಕೆ. ಕಾದಂಬರಿ ಬಗ್ಗೆ ಯಾರಾದ್ರೂ ಕೇಳಿದ್ರೆ ಅವರಿಗೂ ಖುಷಿ ಆಗಬಹುದು.

ಆನ್‌ಲೈನ್ ತಗೊಳ್ಳಲೇಬೇಡಿ ಅಂತ ನಾನು ಹೇಳಲ್ಲ. ಅಂಗಡಿ ಇಲ್ಲದ ಊರಿಗೆ ಪುಸ್ತಕ ತಲುಪಿಸೋದು ಅದೇ. ಒಂದೇ ಕೋರಿಕೆ: ಅಂಗಡಿಯವರು ಪುಸ್ತಕ ತೋರಿಸಿ, ಕಥೆ ಹೇಳಿ, ನಿಮ್ಮ ಜೊತೆ ಕಾಲು ಗಂಟೆ ಮಾತಾಡಿದ ಮೇಲೆ, ಅಲ್ಲೇ ನಿಂತು ಮೊಬೈಲ್‌ನಲ್ಲಿ 40 ರೂಪಾಯಿ ಕಮ್ಮಿ ಇದೆ ಅಂತ ಆರ್ಡರ್ ಹಾಕಬೇಡ್ರಿ. ಆ ಕಾಲು ಗಂಟೆಗೂ ಬೆಲೆ ಇದೆ. ಅದನ್ನ ಅವರು ಬಿಲ್ಲಲ್ಲಿ ಹಾಕಲ್ಲ ಅಷ್ಟೇ.

ಈ ವಾರದ ಕೆಲಸ: ಯಾವುದಾದ್ರೂ ಒಂದು ಪುಸ್ತಕದಂಗಡಿಗೆ ಹೋಗಿ, ಸ್ಕ್ರೀನ್‌ಶಾಟ್ ತೆಗೀದೆ, "ನಿಮಗೆ ಹಿಡಿಸಿದ ಕಾದಂಬರಿ ಯಾವುದು?" ಅಂತ ಕೇಳ್ರಿ. ಅವರು ಹೇಳಿದ ಪುಸ್ತಕದ ಹೆಸರು, ಯಾಕೆ ಇಷ್ಟ ಅಂತ ಅವರು ಹೇಳಿದ ಒಂದು ಸಾಲು ಕಾಮೆಂಟ್‌ನಲ್ಲಿ ಹಾಕ್ರಿ. ಒಪ್ಪಿಗೆ ಇಲ್ಲದೆ ಅವರ ಫೋಟೋ, ಹೆಸರು ಬೇಡ. ಇಪ್ಪತ್ತು ಬಂದ ಮೇಲೆ ಎಲ್ಲ ಸೇರಿಸಿ ಒಂದು ಪಟ್ಟಿ ಪೋಸ್ಟ್ ಮಾಡ್ತೀನಿ. ಬಳ್ಳಾರಿ ಅಂಗಡಿಯವರು ಆರಿಸಿದ ಪಟ್ಟಿ. ಅದರಲ್ಲಿ ನನ್ನ ಆಯ್ಕೆ ಒಂದೂ ಇರಲ್ಲ.

ಕುರುಗೋಡಿನ ಗೆಳತಿಗೆ ಯಾವುದು ಕೊಡಬೇಕು ಅಂತನೂ ಆ ಪಟ್ಟಿ ನೋಡೇ ತೀರ್ಮಾನ ಮಾಡ್ತೀನಿ.

#ಬಳ್ಳಾರಿ #ಸಿರುಗುಪ್ಪ #ಕುರುಗೋಡು #ಪುಸ್ತಕದಂಗಡಿ #ಕನ್ನಡಕಾದಂಬರಿ #ಅಂಗಡಿಯವರಆಯ್ಕೆ